ಬೀಜ, ಕ್ಷೇತ್ರ, ಅಂಬು: ಹಸುವಿನ ಗರ್ಭದ್ರವ ಮತ್ತು ಒಂದು ಹಳೆಯ ವಾದ

ಹಸುವಿನ ಗರ್ಭಮಾರ್ಗದ ಉದ್ದಕ್ಕೂ, ಯೋನಿಯಿಂದ ಅಂಡನಾಳದ ತುದಿಯವರೆಗೆ, ತೆಳುವಾದ ಒಂದು ದ್ರವ ಹರಡಿಕೊಂಡಿರುತ್ತದೆ. ಅದರ ಒಂದಿಷ್ಟು ಪಾಲು ರಕ್ತದಿಂದ ಸೋಸಿ ಬಂದದ್ದು; ಉಳಿದದ್ದನ್ನು ಒಳಪದರದ ಕೋಶಗಳೇ ಒಸರುತ್ತವೆ. ನೀರು, ಲವಣ, ಸಕ್ಕರೆ, ಅಮೈನೊ ಆಮ್ಲಗಳ ಜೊತೆಗೆ ಅದರಲ್ಲಿ ನೂರಾರು ಬಗೆಯ ಪ್ರೋಟೀನುಗಳಿವೆ. ಬೆದೆಯ ದಿನದ ದ್ರವ ಬೆದೆ ಕಳೆದ ವಾರದ ದ್ರವದಂತಿರುವುದಿಲ್ಲ. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರೋನ್ ಎಂಬ ಹಾರ್ಮೋನುಗಳು ಏರಿಳಿದಂತೆ ಅದರ ಪ್ರಮಾಣವೂ ಪ್ರೋಟೀನುಗಳ ಬೆರಕೆಯೂ ಬದಲಾಗುತ್ತವೆ. ಗಬ್ಬ ನಿಲ್ಲದ ಹಸುವಿಗೆ ಪರಿಹಾರ ಹುಡುಕುವ ಪಶುವೈದ್ಯರಿಗೆ ಇದು ಅಭ್ಯಾಸದ ವಸ್ತು. ತತ್ತ್ವಶಾಸ್ತ್ರಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಹುಟ್ಟಿದ ಜೀವ ಬೀಜಕ್ಕೆ ಸೇರಿದ್ದೋ ಕ್ಷೇತ್ರಕ್ಕೆ ಸೇರಿದ್ದೋ ಎಂಬ ವಾದವನ್ನು ಧರ್ಮಶಾಸ್ತ್ರಗಳು ಹಸುವನ್ನೇ ಉದಾಹರಣೆಗೆ ತೆಗೆದುಕೊಂಡು ನಡೆಸಿವೆ ಎಂಬುದೇ ಆ ಸಂಬಂಧ. ಕ್ಷೇತ್ರವೆಂದರೆ ಬಿತ್ತಿದ್ದನ್ನು ಸುಮ್ಮನೆ ಹೊತ್ತುಕೊಳ್ಳುವ ನೆಲ ಎಂಬ ನಂಬಿಕೆಯ ಮೇಲೆ ಆ ವಾದದ ಎರಡೂ ಪಕ್ಷಗಳು ನಿಂತಿದ್ದವು. ಈ ದ್ರವದೊಳಗೆ ನಡೆಯುವುದನ್ನು ನೋಡಿದರೆ ಆ ನಂಬಿಕೆಯೇ ಸಡಿಲವಾಗುತ್ತದೆ.

ತುಮಕೂರು–ಬೆಂಗಳೂರು ಹೆದ್ದಾರಿಯ ಮೇಲಿನ ಹಿರೇಹಳ್ಳಿಯ ಸುತ್ತಲಿನ ಸೀಮೆ, ಗುಬ್ಬಿ ಕುಣಿಗಲ್‌ಗಳೂ ಸೇರಿದಂತೆ, ಹಳ್ಳಿಕಾರ್ ದನಗಳ ಸೀಮೆ. ಶಿವರಾತ್ರಿಯ ಆಸುಪಾಸಿನಲ್ಲಿ ಕ್ಯಾತ್ಸಂದ್ರದ ಬಳಿ ಸಿದ್ಧಗಂಗೆಯ ದನಗಳ ಜಾತ್ರೆ ಸೇರುತ್ತದೆ. ಅಲ್ಲಿಗೆ ಬರುವ ರೈತರಿಗೆ ಈ ದ್ರವದ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಸು ಲೋಳೆ ಹಾಕುತ್ತಿದೆ ಎಂದರೆ ಬೆದೆಗೆ ಬಂದಿದೆ ಎಂದು ಅರ್ಥ. ಲೋಳೆ ಗಾಜಿನಂತೆ ತಿಳಿಯಾಗಿ, ಕಡಿಯದ ದಾರದಂತೆ ಇಳಿದರೆ ಒಳ್ಳೆಯ ಬೆದೆ; ಬೆಳ್ಳಗೆ ಕದಡಿದ್ದರೆ ಒಳಗೇನೋ ಕೆಟ್ಟಿದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಕೊಡಿಸಬೇಕು ಎಂಬ ಲೆಕ್ಕ ಹಾಲಿನ ಡೈರಿಯಿರುವ ಊರುಗಳಲ್ಲೆಲ್ಲ ಗೊತ್ತು. ಇಂಜೆಕ್ಷನ್ ಎಂದು ಜನ ಕರೆಯುವುದು ಕೃತಕ ಗರ್ಭಧಾರಣೆಯನ್ನು: ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟ, ಕಾಲು ಮಿಲಿಲೀಟರ್ ಹಿಡಿಸುವ ಸಣ್ಣ ಕೊಳವೆಯಲ್ಲಿ ಸುಮಾರು ಎರಡು ಕೋಟಿ ವೀರ್ಯಾಣುಗಳು ಬರುತ್ತವೆ.

ಈ ಪದ್ಧತಿ ಭಾರತದಲ್ಲಿ ಮೊದಲಾದದ್ದೂ ಹಳೆಯ ಮೈಸೂರು ಸೀಮೆಯಲ್ಲೇ. 1939ರಲ್ಲಿ ಮೈಸೂರಿನ ಅರಮನೆ ಡೈರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹಾಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಹಾಕಿದರು. 33 ಹಸುಗಳು ಗಬ್ಬವಾದವು ಎಂದು ಪಶುವೈದ್ಯ ಪಠ್ಯಗಳು ದಾಖಲಿಸುತ್ತವೆ. ಬೇರೆ ಖಂಡದ ಬೀಜ, ಇಲ್ಲಿಯ ಕ್ಷೇತ್ರ. ಅಂಥ ಕೂಡಿಕೆಯಲ್ಲಿ ಹುಟ್ಟುವ ಕರುವಿನ ಮೈ ಸಾಮಾನ್ಯವಾಗಿ ಕಪ್ಪು. ಕರು ಹೋರಿಯನ್ನೇ ಹೋಲುತ್ತದೆ, ಹಸು ಬರಿಯ ಚೀಲ ಎಂದು ನೋಡಿದವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಹೆಣ್ಣು ಕ್ಷೇತ್ರ, ಗಂಡು ಬೀಜ. ಎರಡೂ ಕೂಡಿದರೆ ಸಕಲ ದೇಹಿಗಳ ಹುಟ್ಟು. ಕೆಲವೆಡೆ ಬೀಜ ಮೇಲು, ಕೆಲವೆಡೆ ಯೋನಿ ಮೇಲು, ಎರಡೂ ಸಮವಾದಲ್ಲಿ ಸಂತಾನ ಶ್ರೇಷ್ಠ ಎಂದು ಮೊದಲು ಸಮತೂಕದ ಮಾತು ಬರುತ್ತದೆ. ಆಮೇಲೆ ತಕ್ಕಡಿ ವಾಲುತ್ತದೆ: ಎರಡರಲ್ಲಿ ಬೀಜವೇ ಹೆಚ್ಚಿನದು, ಏಕೆಂದರೆ ಎಲ್ಲ ಪ್ರಾಣಿಗಳೂ ಬೀಜದ ಲಕ್ಷಣವನ್ನು ಹೊತ್ತು ಹುಟ್ಟುತ್ತವೆ, ಭೂಮಿ ಎಲ್ಲಕ್ಕೂ ಯೋನಿಯಾದರೂ ಬೀಜ ತನ್ನ ಬೆಳವಣಿಗೆಯಲ್ಲಿ ಯೋನಿಯ ಗುಣವನ್ನು ಒಂದಿಷ್ಟೂ ತೋರುವುದಿಲ್ಲ. ಕರು ಯಾರದು ಎಂಬ ಪ್ರಶ್ನೆ ಬಂದೊಡನೆ ಮಾತ್ರ ತೀರ್ಪು ತಿರುಗುತ್ತದೆ. ಒಬ್ಬನ ಹೋರಿ ಇನ್ನೊಬ್ಬರ ಹಸುಗಳಲ್ಲಿ ನೂರು ಕರುಗಳನ್ನು ಹುಟ್ಟಿಸಿದರೂ ಆ ಕರುಗಳು ಹಸುವಿನ ಒಡೆಯರವೇ. ಹೋರಿ ಸುರಿಸಿದ್ದು ವ್ಯರ್ಥ. ಗುಣ ಬೀಜಕ್ಕೆ, ಒಡೆತನ ಕ್ಷೇತ್ರಕ್ಕೆ. ಗಮನಿಸಬೇಕಾದದ್ದೆಂದರೆ ಕ್ಷೇತ್ರಕ್ಕೆ ಎನ್ನುವ ಒಡೆತನ ನಿಜವಾಗಿ ಕ್ಷೇತ್ರಕ್ಕೆ ಅಲ್ಲ, ಕ್ಷೇತ್ರದ ಯಜಮಾನನಿಗೆ. ಹಸುವಿಗೆ ಎರಡು ತೀರ್ಪಿನಲ್ಲೂ ಏನೂ ದಕ್ಕುವುದಿಲ್ಲ.

ಹಳ್ಳಿಯ ರೂಢಿ ಈ ತೀರ್ಪಿಗೆ ಹೊಂದಿಕೊಂಡೇ ನಡೆಯಿತು. ಸತ್ತವರ ಹೆಸರಿನಲ್ಲಿ ಹೋರಿ ಬಿಡುವ ವೃಷೋತ್ಸರ್ಗ ಶಾಸ್ತ್ರೋಕ್ತ ಕರ್ಮ. ಹರಕೆ ಹೊತ್ತು ದೇವರ ಹೆಸರಿಗೆ ಬಿಟ್ಟ ಬಸವ ಯಾರ ಹೊಲಕ್ಕೆ ನುಗ್ಗಿದರೂ ಹೊಡೆಯದೆ ಬಿಡುತ್ತಿದ್ದರು. ಒಡೆಯನಿಲ್ಲದ ಆ ಬಸವನೇ ಊರ ಹಸುಗಳಿಗೆ ಬೀಜದ ಹೋರಿಯೂ ಆಗಿರುತ್ತಿತ್ತು, ಕರುವಿನ ಮೇಲೆ ಹಕ್ಕು ಕೇಳಲು ಬೀಜದ ಕಡೆಯವರು ಯಾರೂ ಇರುತ್ತಿರಲಿಲ್ಲ. ಇಂದು ಹೆಸರಘಟ್ಟದ ಘನೀಕೃತ ವೀರ್ಯ ಸಂಸ್ಥೆಯಂಥ ಕಡೆಯಿಂದ ಬರುವ ಕೊಳವೆಗೂ ಅದೇ ನ್ಯಾಯ. ಬೀಜಕ್ಕೆ ಬೆಲೆಯುಂಟು, ಹಕ್ಕಿಲ್ಲ.

ಇದು ಭಾರತದ್ದೇ ಯೋಚನೆಯಲ್ಲ. ಗಂಡು ರೂಪವನ್ನೂ ಚಲನೆಯನ್ನೂ ಕೊಡುತ್ತದೆ, ಹೆಣ್ಣು ಜಡದ್ರವ್ಯವನ್ನಷ್ಟೇ ಒದಗಿಸುತ್ತದೆ ಎಂದು ಗ್ರೀಸಿನ ಅರಿಸ್ಟಾಟಲ್ ಬರೆದ. 1677ರಲ್ಲಿ ಹಾಲೆಂಡಿನ ಲೇವನ್‌ಹುಕ್ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುಗಳನ್ನು ಕಂಡ ಮೇಲೆ ಬೀಜಪಕ್ಷಕ್ಕೆ ಇನ್ನಷ್ಟು ಬಲ ಬಂತು. 1694ರಲ್ಲಿ ಹಾರ್ಟ್‌ಸೂಕರ್ ವೀರ್ಯಾಣುವಿನ ತಲೆಯೊಳಗೆ ಮುದುರಿ ಕುಳಿತ ಪುಟ್ಟ ಮನುಷ್ಯನ ಚಿತ್ರವನ್ನೇ ಬರೆದುಕೊಟ್ಟ. ಸಸ್ತನಿಯ ಅಂಡಾಣುವನ್ನು ಕಣ್ಣಿಂದ ಕಾಣಲು 1827ರ ತನಕ, ಫಾನ್ ಬೇರ್‌ನ ತನಕ, ಕಾಯಬೇಕಾಯಿತು. ನೂರೈವತ್ತು ವರ್ಷಗಳ ಈ ಅಂತರ ಸಲಕರಣೆಯ ಕೊರತೆಯೊಂದರಿಂದಲೇ ಆದದ್ದೆಂದು ನಂಬುವುದು ಕಷ್ಟ.

ಹಿರೇಹಳ್ಳಿಯಲ್ಲೇ, ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರದಲ್ಲಿ, ಬಿತ್ತಿದ್ದೇ ಬೆಳೆಯುತ್ತದೆ ಎಂಬ ಮನುವಿನ ಸಸ್ಯದ ಉದಾಹರಣೆ ದಿನವೂ ಸೋಲುತ್ತಿರುತ್ತದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಮರದಿಂದ ಗುರುತಿಸಿದ ‘ಸಿದ್ದು’ ಹಲಸನ್ನು ಅಲ್ಲಿ ಕಸಿ ಕಟ್ಟಿ ಬೆಳೆಸುತ್ತಾರೆ. ಅದರ ಬೀಜ ಬಿತ್ತಿದರೆ ಅದೇ ಕೆಂಪು ತೊಳೆಯ ಹಣ್ಣು ಬರುತ್ತದೆಂದು ಹೇಳಲಾಗದು. ಹಲಸಿನ ಬೀಜ ತಾಯಿಮರವನ್ನೇ ಮರಳಿ ಕೊಡುವುದಿಲ್ಲ. ಬಿತ್ತಿದ್ದೇ ಬೆಳೆಯುತ್ತದೆ ಎಂಬ ಮಾತು ರಾಗಿಗೆ ಸರಿ, ಹಲಸಿಗೆ ಸಲ್ಲದು.

ಇನ್ನು ಹಸುವಿನ ಒಳಗೆ ನಡೆಯುವುದನ್ನು ಕ್ರಮವಾಗಿ ನೋಡಬಹುದು. ಹೋರಿ ಹಾರಿದಾಗ ಬೀಳುವ ವೀರ್ಯಾಣುಗಳ ಸಂಖ್ಯೆ ನೂರಾರು ಕೋಟಿ. ಅಂಡನಾಳ ಮುಟ್ಟುವುವು ಕೆಲವು ಸಾವಿರ ಮಾತ್ರ, ಅಂಡಾಣುವಿನ ಹತ್ತಿರ ಹೋಗುವುವು ಅದಕ್ಕಿಂತ ಎಷ್ಟೋ ಕಡಿಮೆ. ಮೊದಲ ತಡೆ ಗರ್ಭಕೋಶದ ಕೊರಳಿನ ಲೋಳೆ. ಮ್ಯೂಸಿನ್ ಎಂಬ ಉದ್ದನೆಯ, ಸಕ್ಕರೆಸರ ಹೊತ್ತ ಪ್ರೋಟೀನುಗಳು ಅದಕ್ಕೆ ದಾರದ ಗುಣ ಕೊಡುತ್ತವೆ. ಬೆದೆಯಲ್ಲಿ ಅದು ತೆಳುವಾಗಿ ದಾರಿ ಬಿಡುತ್ತದೆ, ಬೆದೆ ಕಳೆದ ಮೇಲೆ ಗಟ್ಟಿಯಾಗಿ ಬಾಗಿಲು ಹಾಕುತ್ತದೆ. ಬೆದೆಯ ದಿನವೂ ದಾರಿ ಎಲ್ಲರಿಗಲ್ಲ: ನೆಟ್ಟಗೆ ಈಜಲಾರದ, ಆಕಾರ ಕೆಟ್ಟ ವೀರ್ಯಾಣುಗಳು ಹಿಂದೆ ಉಳಿಯುತ್ತವೆ.

ಅಂಡನಾಳ ಹಸುವಿನಲ್ಲಿ ಸುಮಾರು ಒಂದು ಗೇಣು ಉದ್ದದ ಸುರುಳಿಸುರುಳಿಯಾದ ಕೊಳವೆ. ಗರ್ಭಕೋಶದ ಕಡೆಯ ಇಕ್ಕಟ್ಟಾದ ಭಾಗಕ್ಕೆ ಇಸ್ತ್ಮಸ್ ಎಂದು ಹೆಸರು. ಅಲ್ಲಿಗೆ ತಲುಪಿದ ವೀರ್ಯಾಣುಗಳು ಮುಂದೆ ಓಡುವುದಿಲ್ಲ, ಗೋಡೆಗೆ ಅಂಟಿಕೊಂಡು ನಿಲ್ಲುತ್ತವೆ. ಅಂಟುವುದಕ್ಕೆ ಎರಡೂ ಕಡೆಯ ಪ್ರೋಟೀನು ಬೇಕು. ಹೋರಿಯ ವೀರ್ಯದ್ರವದಲ್ಲಿರುವ ಬಿಎಸ್‌ಪಿ ಎಂಬ ಗುಂಪಿನ ಪ್ರೋಟೀನುಗಳು ವೀರ್ಯಾಣುವಿನ ತಲೆಯ ಮೇಲೆ ಲೇಪವಾಗಿರುತ್ತವೆ. ಅಂಡನಾಳದ ಗೋಡೆಯ ಕೋಶಗಳ ಮೇಲೆ ಅನೆಕ್ಸಿನ್ ಗುಂಪಿನ ಪ್ರೋಟೀನುಗಳಿರುತ್ತವೆ. ಇವೆರಡರ ಹಿಡಿತದಲ್ಲಿ ಸಿಕ್ಕ ವೀರ್ಯಾಣು ದ್ರವದಲ್ಲಿ ತೇಲುತ್ತಿರುವುದಕ್ಕಿಂತ ಹೆಚ್ಚು ಕಾಲ ಬದುಕುತ್ತದೆ. ಬೆದೆ ಮುಗಿದು ಹತ್ತು ಹನ್ನೆರಡು ಗಂಟೆಯ ಮೇಲೆ ಅಂಡಾಣು ಬಿಡುಗಡೆಯಾಗುವ ಹಸುವಿನಲ್ಲಿ ಈ ತಂಗುದಾಣ ಇಲ್ಲದಿದ್ದರೆ ಬೀಜವೂ ಅಂಡವೂ ಹೊತ್ತು ತಪ್ಪಿದ ಅತಿಥಿಗಳಾಗುತ್ತಿದ್ದವು.

ಆದರೂ ಇಷ್ಟರಲ್ಲಿ ಬೀಜ ಇನ್ನೂ ಬೀಜವಾಗಿಲ್ಲ. 1951ರಲ್ಲಿ ಅಮೆರಿಕದಲ್ಲಿ ಎಂ. ಸಿ. ಚಾಂಗ್, ಆಸ್ಟ್ರೇಲಿಯದಲ್ಲಿ ಸಿ. ಆರ್. ಆಸ್ಟಿನ್ ಇಬ್ಬರೂ ಬೇರೆಬೇರೆಯಾಗಿ ಕಂಡುಕೊಂಡ ಸಂಗತಿ ಇದು: ಗಂಡಿನ ದೇಹದಿಂದ ಹೊರಬಂದ ವೀರ್ಯಾಣು ಅಂಡಾಣುವನ್ನು ಭೇದಿಸಲಾರದು. ಹೆಣ್ಣಿನ ಗರ್ಭಮಾರ್ಗದಲ್ಲಿ ಕೆಲ ಗಂಟೆ ಕಳೆದ ಮೇಲೆಯೇ ಅದಕ್ಕೆ ಆ ಶಕ್ತಿ ಬರುತ್ತದೆ. ಅವರು ಮೊಲ ಮತ್ತು ಇಲಿಗಳಲ್ಲಿ ನೋಡಿದ್ದು ಹಸುವಿಗೂ ಸಲ್ಲುತ್ತದೆ ಎಂದು ಆಮೇಲೆ ಗೊತ್ತಾಯಿತು. ಅಂಡನಾಳದ ದ್ರವದಲ್ಲಿ ಹೇರಳವಾಗಿರುವ ಆಲ್ಬುಮಿನ್ ವೀರ್ಯಾಣುವಿನ ಹೊರಪೊರೆಯಿಂದ ಕೊಲೆಸ್ಟರಾಲನ್ನು ಎಳೆದುಕೊಳ್ಳುತ್ತದೆ. ಹೆಪಾರಿನ್ನಿನಂಥ ಸಕ್ಕರೆಸರಗಳು ಹೋರಿಯ ಕಡೆಯ ಲೇಪವನ್ನು ಕಳಚುತ್ತವೆ. ಆಗ ವೀರ್ಯಾಣು ಗೋಡೆಯ ಹಿಡಿತ ಬಿಡಿಸಿಕೊಂಡು, ಬಾಲವನ್ನು ಜೋರಾಗಿ ಬೀಸುತ್ತ ಹೊರಡುತ್ತದೆ. ಬೀಜದ ಸಂಸ್ಕಾರದ ಕೊನೆಯ ಹಂತ ಕ್ಷೇತ್ರದಲ್ಲಿ ನಡೆಯುತ್ತದೆ. ಧರ್ಮಶಾಸ್ತ್ರದ ಬೀಜ ಎಲ್ಲಿಯೋ ಪೂರ್ಣವಾಗಿ ಸಿದ್ಧಗೊಂಡು ಬಂದು ನೆಲಕ್ಕೆ ಬೀಳುವ ವಸ್ತು. ಹಸುವಿನ ಬೀಜ ಹಾಗಲ್ಲ.

ಅಂಡಾಣುವಿನ ಕಡೆಯ ಸಿದ್ಧತೆಯೂ ಇದೇ ದ್ರವದ ಕೆಲಸ. ಈಸ್ಟ್ರೊಜೆನ್ ಏರಿದಾಗ ಅಂಡನಾಳದ ಕೋಶಗಳು ಓವಿಡಕ್ಟಿನ್ ಎಂಬ ಪ್ರೋಟೀನನ್ನು ಸುರಿಸುತ್ತವೆ. ದೇಹದ ಬೇರೆ ಭಾಗಗಳಲ್ಲಿ ವಿರಳವಾದ ಈ ಪ್ರೋಟೀನು ವೀರ್ಯಾಣುಗಳ ಚಲನೆಯನ್ನು ಕಾಪಾಡುತ್ತದೆ, ಅಂಡಾಣುವಿನ ಹೊರಚಿಪ್ಪಿಗೂ ಅಂಟಿಕೊಳ್ಳುತ್ತದೆ. ಸ್ಪೇನಿನ ಸಂಶೋಧಕರು ಹಂದಿ ಮತ್ತು ಹಸುವಿನ ಅಂಡಾಣುಗಳ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಓವಿಡಕ್ಟಿನ್ ಹೆಪಾರಿನ್ ಬಗೆಯ ಅಣುಗಳ ಜೊತೆ ಸೇರಿ ಆ ಚಿಪ್ಪನ್ನು ಬಿಗಿಗೊಳಿಸುತ್ತದೆ. ಒಂದಕ್ಕಿಂತ ಹೆಚ್ಚು ವೀರ್ಯಾಣು ಒಳನುಗ್ಗಿ ಭ್ರೂಣ ಕೆಡುವ ಅಪಾಯ ತಗ್ಗುತ್ತದೆ. ಒಳಗೆ ಹೋದ ವೀರ್ಯಾಣುವೂ ಇಡಿಯಾಗಿ ಉಳಿಯುವುದಿಲ್ಲ. ಅದರ ಮೈಟೊಕಾಂಡ್ರಿಯಗಳಿಗೆ ನಾಶದ ಗುರುತು ಬಿದ್ದು, ಅಂಡಾಣುವಿನೊಳಗೆ ಅವು ಕರಗಿಹೋಗುತ್ತವೆ. ಹುಟ್ಟುವ ಕರುವಿನ ಪ್ರತಿ ಕೋಶದ ಮೈಟೊಕಾಂಡ್ರಿಯ ತಾಯಿಯದೇ. ಅರಮನೆ ಡೈರಿಯಲ್ಲಿ ಕಪ್ಪು ಮೈ ಹೊತ್ತು ಹುಟ್ಟಿದ ಕರುಗಳೂ ಆ ಮಟ್ಟಿಗೆ ಹಳ್ಳಿಕಾರ್ ಕರುಗಳು.

ಇನ್ನೊಂದು ಪ್ರೋಟೀನು ಬೀಜ–ಕ್ಷೇತ್ರದ ಗೆರೆಯನ್ನೇ ಅಳಿಸುವಂಥದ್ದು. ಆಸ್ಟಿಯೊಪಾಂಟಿನ್ ಎಂಬುದು ಹೋರಿಯ ವೀರ್ಯದ್ರವದಲ್ಲೂ ಇದೆ, ಹಸುವಿನ ಅಂಡನಾಳದ ದ್ರವದಲ್ಲೂ ಇದೆ. ವೀರ್ಯದ್ರವದಲ್ಲಿ ಅದು ಹೆಚ್ಚಿರುವ ಹೋರಿಗಳಿಗೆ ಗಬ್ಬ ನಿಲ್ಲಿಸುವ ಶಕ್ತಿ ಹೆಚ್ಚು ಎಂದು ಕಂಡುಬಂದಿದೆ. ವೀರ್ಯಾಣು ಮತ್ತು ಅಂಡಾಣು ಒಂದನ್ನೊಂದು ಹಿಡಿಯುವಲ್ಲಿ ಅದರ ಪಾತ್ರವಿದೆ. ಆ ಕೆಲಸ ಮಾಡಿದ್ದು ಯಾವ ಕಡೆಯಿಂದ ಬಂದ ಆಸ್ಟಿಯೊಪಾಂಟಿನ್ ಎಂಬ ಪ್ರಶ್ನೆಗೆ ನಿಂತಲ್ಲಿ ಉತ್ತರ ಹೇಳಲು ಬರುವುದಿಲ್ಲ.

ಫಲಿತ ಅಂಡ ನಾಲ್ಕೈದು ದಿನ ಅಂಡನಾಳದಲ್ಲೇ ಇದ್ದು, ಎಂಟರಿಂದ ಹದಿನಾರು ಕೋಶಗಳಾಗಿ ಗರ್ಭಕೋಶಕ್ಕೆ ಇಳಿಯುತ್ತದೆ. ಗೋಡೆಗೆ ಅದು ಅಂಟಿಕೊಳ್ಳಲು ತೊಡಗುವುದು ಮೂರನೆಯ ವಾರ ಮುಗಿಯುತ್ತ ಬಂದಾಗ. ಅಲ್ಲಿಯವರೆಗೆ ಮಾಸು ಇಲ್ಲ, ಹೊಕ್ಕುಳಬಳ್ಳಿ ಇಲ್ಲ. ಗರ್ಭಕೋಶದ ಗ್ರಂಥಿಗಳು ಒಸರುವ ದ್ರವವೇ ಅದರ ಅನ್ನ. ಗರ್ಭಕೋಶದ ಗ್ರಂಥಿಗಳು ಬೆಳೆಯದಂತೆ ಮಾಡಿದ ಕುರಿಗಳಲ್ಲಿ ಭ್ರೂಣ ಎರಡು ವಾರಕ್ಕಿಂತ ಮುಂದೆ ಬೆಳೆಯಲಿಲ್ಲ. ಇದರ ಜೊತೆಗೆ ಭ್ರೂಣವೂ ಮಾತಾಡುತ್ತದೆ. ಹದಿನೈದು ಹದಿನಾರನೆಯ ದಿನದ ಹೊತ್ತಿಗೆ ದಾರದಂತೆ ಉದ್ದವಾದ ಭ್ರೂಣ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನನ್ನು ಸುರಿಸುತ್ತದೆ. ಅದು ಗರ್ಭಕೋಶಕ್ಕೆ ಮುಟ್ಟಿದರೆ ಮುಂದಿನ ಬೆದೆಯನ್ನು ತರುವ ಪ್ರೊಸ್ಟಗ್ಲಾಂಡಿನ್ನನ್ನು ತಡೆಯುತ್ತದೆ, ಹಸು ಗಬ್ಬವೆಂದು ಗಟ್ಟಿಯಾಗುತ್ತದೆ. ಮುಟ್ಟದಿದ್ದರೆ ಇಪ್ಪತ್ತೊಂದನೆಯ ದಿನಕ್ಕೆ ಮತ್ತೆ ಲೋಳೆ.

ಕ್ಷೇತ್ರದ ಗುಣ ಬೀಜಕ್ಕೆ ಹತ್ತುವುದೇ ಇಲ್ಲ ಎಂಬ ಮಾತನ್ನು ನೇರವಾಗಿ ಪರೀಕ್ಷಿಸಿದ ಪ್ರಯೋಗವೂ ಉಂಟು. ಕೇಂಬ್ರಿಜ್‌ನಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ದೈತ್ಯಗಾತ್ರದ ಶೈರ್ ಕುದುರೆಯನ್ನೂ ಕುಳ್ಳ ಶೆಟ್‌ಲ್ಯಾಂಡ್ ತಟ್ಟುವನ್ನೂ ಕೃತಕ ಗರ್ಭಧಾರಣೆಯಿಂದ ಎರಡು ಕಡೆಯಿಂದಲೂ ಕೂಡಿಸಿ 1938ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂ ಕಡೆ ವಂಶದ ಬೆರಕೆ ಅರ್ಧಕ್ಕರ್ಧ. ಆದರೂ ಶೈರ್ ತಾಯಿಗೆ ಹುಟ್ಟಿದ ಮರಿ ದೊಡ್ಡದು, ಶೆಟ್‌ಲ್ಯಾಂಡ್ ತಾಯಿಗೆ ಹುಟ್ಟಿದ ಮರಿ ಸಣ್ಣದು. ಬೆಳೆದ ಮೇಲೂ ಅಂತರ ಅಳಿಯಲಿಲ್ಲ.

ಕ್ಷೇತ್ರದ ಪರವಾದ ಈ ವಾದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಅಂಡನಾಳ ಅಷ್ಟು ಮುಖ್ಯವಾದರೆ ಗಾಜಿನ ತಟ್ಟೆಯಲ್ಲಿ ಕರುವಿನ ಭ್ರೂಣ ಹೇಗೆ ಹುಟ್ಟುತ್ತದೆ? 1981ರಲ್ಲಿ ಅಮೆರಿಕದಲ್ಲಿ ಅಂಥ ಮೊದಲ ಕರು ಹುಟ್ಟಿತು. 1990ರಲ್ಲಿ ಕರ್ನಾಲ್‌ನ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯಲ್ಲಿ ‘ಪ್ರಥಮ್’ ಎಂಬ ಎಮ್ಮೆಗರು ಹುಟ್ಟಿತು. ಆಕ್ಷೇಪ ಸರಿಯೇ: ಅಂಡನಾಳವಿಲ್ಲದೆ ಬೀಜ ಮತ್ತು ಅಂಡ ಕೂಡುತ್ತವೆ. ಆದರೆ ಆ ತಟ್ಟೆಯಲ್ಲಿ ಇರುವುದೇನು ಎಂದು ಕೇಳಬೇಕು. ಹೆಪಾರಿನ್, ಆಲ್ಬುಮಿನ್, ಲವಣ, ಅಮೈನೊ ಆಮ್ಲ: ಹಸುವಿನ ದ್ರವದ ಒಂದು ಬಡ ನಕಲು. ನಕಲಿನ ಕೊರತೆ ಕರುವಿನಲ್ಲಿ ಕಾಣಿಸುತ್ತದೆ. ಸೀರಮ್ ಬೆರೆಸಿದ ಮಾಧ್ಯಮದಲ್ಲಿ ಬೆಳೆಸಿದ ಭ್ರೂಣಗಳಿಂದ ಕೆಲವೊಮ್ಮೆ ಅತಿಗಾತ್ರದ, ಅಂಗವೈಕಲ್ಯದ ಕರುಗಳು ಹುಟ್ಟುತ್ತವೆ. ವಂಶವಾಹಿಯ ಅಕ್ಷರ ಒಂದೂ ಬದಲಾಗಿರುವುದಿಲ್ಲ, ಅದನ್ನು ಓದುವ ಬಗೆ ಬದಲಾಗಿರುತ್ತದೆ. ತಟ್ಟೆಯ ಭ್ರೂಣವನ್ನು ಒಂದು ವಾರದಲ್ಲಿ ಹಸುವಿನ ಗರ್ಭಕ್ಕೆ ಸೇರಿಸಬೇಕು. ಹೊರಗೇ ಉಳಿದರೆ ಅದು ಗರ್ಭದೊಳಗಿನಂತೆ ದಾರವಾಗಿ ಬೆಳೆಯುವುದಿಲ್ಲ. ಆಕ್ಷೇಪ ಉಳಿಯುತ್ತದೆ, ಆದರೆ ಅದು ಕ್ಷೇತ್ರಪಕ್ಷಕ್ಕೆ ಸಾಕ್ಷಿಯಾಗಿ ಉಳಿಯುತ್ತದೆ.

ಬೀಜ–ಕ್ಷೇತ್ರ ಎಂಬ ಎರಡೇ ಕಂಬಗಳ ಚೌಕಟ್ಟು ಭಾರತದಲ್ಲಿ ಸರ್ವಸಮ್ಮತವೂ ಆಗಿರಲಿಲ್ಲ. ಸುಶ್ರುತ ಸಂಹಿತೆಯ ಶಾರೀರಸ್ಥಾನ ಗರ್ಭಕ್ಕೆ ನಾಲ್ಕು ಬೇಕೆನ್ನುತ್ತದೆ: ಋತು, ಕ್ಷೇತ್ರ, ಅಂಬು, ಬೀಜ. ಅಂಬು ಎಂದರೆ ಆಹಾರದ ಪಾಕದಿಂದ ಹುಟ್ಟಿ ದೇಹದಲ್ಲೆಲ್ಲ ವ್ಯಾಪಿಸುವ ರಸ ಎಂದು ವ್ಯಾಖ್ಯಾನಕಾರ ಡಲ್ಹಣ ವಿವರಿಸುತ್ತಾನೆ. ಚರಕ ಸಂಹಿತೆಯಲ್ಲಿ ಇನ್ನೂ ದೊಡ್ಡ ಚರ್ಚೆಯಿದೆ. ಗರ್ಭವು ತಾಯಿ, ತಂದೆ, ಆತ್ಮ, ಸಾತ್ಮ್ಯ, ರಸ, ಮನಸ್ಸು ಇವೆಲ್ಲದರಿಂದ ಆದದ್ದು ಎಂದು ಆತ್ರೇಯ ಹೇಳುತ್ತಾನೆ. ಭರದ್ವಾಜ ಒಂದೊಂದನ್ನೂ ಬೇರ್ಪಡಿಸಿ ತಳ್ಳಿಹಾಕುತ್ತಾನೆ: ತಾಯಿಯೇ ಕಾರಣವಾದರೆ ತಂದೆ ಏಕೆ, ರಸವೇ ಕಾರಣವಾದರೆ ಉಣ್ಣುವವರೆಲ್ಲರಿಗೂ ಮಕ್ಕಳೇಕಿಲ್ಲ, ಹೀಗೆ. ಆತ್ರೇಯನ ಉತ್ತರ, ಮನೆಯೂ ರಥವೂ ನಾನಾ ಅಂಗಗಳ ಸಮುದಾಯದಿಂದ ಆಗುವಂತೆ ಗರ್ಭವೂ ಸಮುದಾಯದಿಂದ ಆದದ್ದು. ಬಿಡಿಬಿಡಿಯಾಗಿ ಯಾವುದೂ ಕಾರಣವಲ್ಲ. ಭರದ್ವಾಜನ ತರ್ಕ ಚುರುಕಾದದ್ದು, ಆದರೆ ಕಾರಣ ಒಂದೇ ಇರಬೇಕೆಂಬ ಹಟದ್ದು. ‘ಬೀಜ ಮೇಲೋ ಕ್ಷೇತ್ರ ಮೇಲೋ’ ಎಂಬ ಪ್ರಶ್ನೆಯಲ್ಲಿರುವುದೂ ಅದೇ ಹಟ.

ಇದನ್ನು ಹೇಳಿದೊಡನೆ ಅಂಬು ಎಂದರೆ ಓವಿಡಕ್ಟಿನ್, ಸುಶ್ರುತನಿಗೆ ಎಲ್ಲವೂ ಗೊತ್ತಿತ್ತು ಎನ್ನುವವರು ಎದ್ದು ನಿಲ್ಲುತ್ತಾರೆ. ಗೊತ್ತಿರಲಿಲ್ಲ. ವೀರ್ಯಾಣುವಾಗಲಿ ಅಂಡಾಣುವಾಗಲಿ ಅವನಿಗೆ ಕಂಡಿರಲಿಲ್ಲ. ವೈದ್ಯ ಹೆರಿಗೆ ಮತ್ತು ಗರ್ಭಪಾತಗಳನ್ನು ಕಂಡವನಾದ್ದರಿಂದ ಎರಡು ಕಾರಣ ಸಾಲದೆಂದು ಅವನಿಗೆ ತಿಳಿಯಿತು. ಆಸ್ತಿಯ ವ್ಯಾಜ್ಯ ತೀರಿಸಬೇಕಾದ ಶಾಸ್ತ್ರಕಾರನಿಗೆ ಎರಡು ಪಕ್ಷ ಸಾಕಾಗಿದ್ದವು. ಶಾಸ್ತ್ರಕಾರರಲ್ಲೂ ಒಬ್ಬ ಇದನ್ನು ಮೀರಿದ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ, ಸಪಿಂಡರು ಎಂದರೆ ಒಂದೇ ದೇಹದ ಅವಯವಗಳು ಹರಿದು ಬಂದವರು ಎಂದ. ಶ್ರಾದ್ಧದ ಅನ್ನದ ಪಿಂಡವನ್ನು ಹಂಚಿಕೊಳ್ಳುವುದು ಅವನಿಗೆ ಅಳತೆಗೋಲಾಗಲಿಲ್ಲ. ದೇಹದ ಅವಯವ ತಂದೆಯಿಂದ ಬರುವಂತೆ ತಾಯಿಯಿಂದಲೂ ಬರುತ್ತದೆ ಎಂದು ಅವನು ಎಣಿಸಿದ. ಆಸ್ತಿಯ ವಿಷಯದಲ್ಲಿ ಗಂಡು ಸಂತಾನದ ಕಡೆಗೇ ಹೆಚ್ಚು ವಾಲಿದ ಗ್ರಂಥ ಅದು, ನಿಜ. ಆದರೂ ತಾಯಿಯ ದೇಹವನ್ನು ಸಂಬಂಧದ ಮೂಲವೆಂದು ಒಪ್ಪಿದ್ದು ಸಣ್ಣ ಹೆಜ್ಜೆಯಲ್ಲ.

ಗರ್ಭದ್ರವದ ಇನ್ನೊಂದು ಧಾರ್ಮಿಕ ಪ್ರಶ್ನೆ ಮಡಿಮೈಲಿಗೆಯದು. ಹಸುವಿನ ಮೈಯಲ್ಲಿ ಸಕಲ ದೇವತೆಗಳಿದ್ದಾರೆ ಎನ್ನುತ್ತಾರೆ. ಹಾಲು, ಮೊಸರು, ತುಪ್ಪ, ಗಂಜಲ, ಸಗಣಿ ಸೇರಿದ ಪಂಚಗವ್ಯ ಮೈಲಿಗೆಯನ್ನು ಕಳೆಯುತ್ತದೆ. ಮಹಾಭಾರತದ ಅನುಶಾಸನಪರ್ವದಲ್ಲಿ ಲಕ್ಷ್ಮಿ ಹಸುಗಳ ಮೈಯಲ್ಲಿ ಜಾಗ ಕೇಳಿ ಬೇಡಿದಾಗ ಅವು ಕೊಟ್ಟ ನೆಲೆ ಸಗಣಿ ಮತ್ತು ಗಂಜಲ. ಮಲಮೂತ್ರಗಳೇ ಪವಿತ್ರವಾದ ಪ್ರಾಣಿಯಲ್ಲಿ, ಕರುವನ್ನು ರೂಪಿಸುವ ದ್ರವಕ್ಕೆ ಪಂಚಗವ್ಯದಲ್ಲೂ ಜಾಗವಿಲ್ಲ, ಕಥೆಯಲ್ಲೂ ಜಾಗವಿಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯ ಇನ್ನೂ ಮುಂದೆ ಹೋಗಿ ಕರು ಹಾಕಿ ಹತ್ತು ದಿನ ಕಳೆಯದ ಹಸುವಿನ ಹಾಲನ್ನೂ, ಬೆದೆಗೆ ಬಂದ ಹಸುವಿನ ಹಾಲನ್ನೂ ಬಿಡಬೇಕೆನ್ನುತ್ತದೆ. ಈ ವಿಷಯದಲ್ಲಿ ತುಮಕೂರು ಸೀಮೆ ಮನುವಿನ ಮಾತು ಕೇಳಿದ ಹಾಗೆ ಕಾಣುವುದಿಲ್ಲ. ಕರು ಹಾಕಿದ ಮರುದಿನವೇ ಗಿಣ್ಣು ಬೆಲ್ಲ ಏಲಕ್ಕಿಯೊಡನೆ ಒಲೆಯ ಮೇಲಿರುತ್ತದೆ, ನೆರೆಮನೆಗೂ ಹೋಗುತ್ತದೆ. ಗಿಣ್ಣುಹಾಲಿನ ಪ್ರೋಟೀನುಗಳ ಮೇಲೆ ಮೊದಲ ಹಕ್ಕು ಕರುವಿನದು ಎಂಬುದು ಬೇರೆ ಮಾತು: ಹಸುವಿನ ಮಾಸು ತಾಯಿಯ ಪ್ರತಿಕಾಯಗಳನ್ನು ಗರ್ಭದೊಳಗೆ ದಾಟಿಸುವುದಿಲ್ಲವಾದ್ದರಿಂದ ರೋಗ ತಡೆಯುವ ಶಕ್ತಿ ಕರುವಿಗೆ ಬರುವುದೇ ಗಿಣ್ಣಿನಿಂದ.

ಮೈಲಿಗೆಯ ಲೆಕ್ಕ ಹಸುವಿಗಿಂತ ಹೆಣ್ಣಿಗೆ ಹೆಚ್ಚು ಕಠಿಣವಾಗಿರುವುದೂ ಈ ಜಿಲ್ಲೆಯಲ್ಲೇ ಕಾಣುತ್ತದೆ. ಜುಂಜಪ್ಪನನ್ನು ಪೂಜಿಸುವ, ದನಗಳನ್ನು ದೇವರಂತೆ ಕಾಣುವ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರೂ ಬಾಣಂತಿಯರೂ ಊರ ಹೊರಗಿನ ಗುಡಿಸಲಲ್ಲಿ ಇರಬೇಕೆಂಬ ಕಟ್ಟಳೆ ಪೂರ್ತಿ ಅಳಿದಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಹಾಗೆ ಹೊರಗಿದ್ದ ಬಾಣಂತಿಯ ಹಸುಗೂಸು ತೀರಿಕೊಂಡದ್ದು ರಾಜ್ಯವ್ಯಾಪಿ ಸುದ್ದಿಯಾಯಿತು. ದ್ರವವನ್ನು ಅಶುಚಿಯೆನ್ನುವುದೂ ಕ್ಷೇತ್ರವನ್ನು ಜಡವೆನ್ನುವುದೂ ಬೇರೆಬೇರೆ ನಂಬಿಕೆಗಳಂತೆ ಕಂಡರೂ ಒಂದಕ್ಕೊಂದು ಊರುಗೋಲು. ಏನನ್ನೂ ಮಾಡದ ವಸ್ತುವನ್ನು ಹೊರಗಿಡುವುದು ಸುಲಭ.

ಇದಕ್ಕೆ ಎದುರಾಗಿ ನಿಂತ ಪರಂಪರೆಯೂ ಇಲ್ಲಿಯದೇ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳು ಲಿಂಗಧಾರಿಗಿಲ್ಲ ಎಂದು ಶರಣರು ಸಾರಿದರು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಗದ್ದುಗೆಯಿರುವ ತೋಂಟದ ಸಿದ್ಧಲಿಂಗ ಯತಿಗಳು ಆ ಪರಂಪರೆಯನ್ನು ಮತ್ತೆ ಕಟ್ಟಿದವರು. ಅದೇ ಪರಂಪರೆಯ ಕವಿ, ‘ಭಾವಚಿಂತಾರತ್ನ’ದ ಮಲ್ಲಣಾರ್ಯ, ಗುಬ್ಬಿಯವನು. ಷಟ್‌ಸ್ಥಲ ಶಾಸ್ತ್ರದ ನೂರೊಂದು ಮೆಟ್ಟಿಲುಗಳಲ್ಲಿ ಮೊದಲನೆಯದು ಪಿಂಡಸ್ಥಲ. ಅಲ್ಲಿ ಪಿಂಡವೆಂದರೆ ಅನೇಕ ಜನ್ಮಗಳ ಪುಣ್ಯದಿಂದ ಮನಸ್ಸು ತಿಳಿಯಾದ ಜೀವ. ಯಾವ ಗರ್ಭದಿಂದ ಬಂತು, ಯಾವ ದ್ರವದಲ್ಲಿ ತೊಯ್ದು ಬಂತು ಎಂಬುದು ಅದರ ಲಕ್ಷಣದಲ್ಲಿ ಇಲ್ಲ. ಆದರೂ ಕಥೆ ಕಟ್ಟುವಾಗ ಜನ ಹಾಲನ್ನೇ ಆರಿಸಿದರು. ಕಗ್ಗೆರೆಯಲ್ಲಿ ಸಿದ್ಧಲಿಂಗರು ತಪಸ್ಸಿಗೆ ಕುಳಿತು ಸುತ್ತ ಹುತ್ತ ಬೆಳೆದಾಗ ಒಂದು ಹಸು ದಿನವೂ ಬಂದು ಹುತ್ತದ ಮೇಲೆ ಹಾಲು ಸುರಿಸುತ್ತಿತ್ತು ಎನ್ನುತ್ತದೆ ಐತಿಹ್ಯ.

ಜೈನರ ನಿಲುವು ಬೇರೆ. ಕ್ಯಾತ್ಸಂದ್ರದ ಆಚೆ ಪಂಡಿತನಹಳ್ಳಿಯ ಮಂದರಗಿರಿಯ ಮೇಲೆ ಬಸದಿಗಳಿವೆ. ಜೈನಸಾಧಕ ಭಾವಿಸಬೇಕಾದ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಒಂದು ಅಶುಚಿ ಭಾವನೆ, ದೇಹ ಅಶುಚಿಯಿಂದ ಆದದ್ದೆಂಬ ಚಿಂತನೆ. ಅದು ಹೆಣ್ಣಿನ ದೇಹಕ್ಕಷ್ಟೇ ಹೇಳಿದ ಮಾತಲ್ಲ, ಚಿಂತಿಸುವವನ ಸ್ವಂತ ದೇಹಕ್ಕೆ ಮೊದಲು ಸಲ್ಲುತ್ತದೆ. ಸಗಣಿ ಶುಚಿ, ಗರ್ಭದ್ರವ ಅಶುಚಿ ಎಂಬ ಆಯ್ಕೆಗೆ ಅಲ್ಲಿ ಎಡೆಯಿಲ್ಲ. ತರ್ಕದ ದೃಷ್ಟಿಯಿಂದ ಇದು ಪಂಚಗವ್ಯದ ನಿಲುವಿಗಿಂತ ನೇರ.

ಈ ದ್ರವದ ಬಗ್ಗೆ ಅರಿವು ಬಂದ ದಾರಿಯೂ ಧರ್ಮದ ಪ್ರಶ್ನೆಯಿಂದ ಹೊರಗಿಲ್ಲ. ಬದುಕಿರುವ ಹಸುವಿನ ಅಂಡನಾಳಕ್ಕೆ ಸಣ್ಣ ಕೊಳವೆ ಇಟ್ಟು ದ್ರವ ತೆಗೆದ ಪ್ರಯೋಗಗಳು ಇವೆಯಾದರೂ, ಲೋಕದ ಹೆಚ್ಚಿನ ಪ್ರಯೋಗಾಲಯಗಳಿಗೆ ಗರ್ಭಮಾರ್ಗ ಬರುವುದು ಕಸಾಯಿಖಾನೆಯಿಂದ. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾಯ್ದೆ ಎಲ್ಲ ವಯಸ್ಸಿನ ಹಸು, ಹೋರಿ, ಎತ್ತುಗಳ ವಧೆಯನ್ನು ನಿಷೇಧಿಸಿದೆ; ಹದಿಮೂರು ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಆ ರಕ್ಷಣೆಯಿಲ್ಲ. ಗೊಡ್ಡು ಬಿದ್ದ ಹಸುವನ್ನು ಮತ್ತೆ ಗಬ್ಬ ಮಾಡಿಸಿ ಉಳಿಸುವ ತಿಳಿವಳಿಕೆಯ ಹಿಂದೆ ಬೇರೆ ನಾಡಿನ ಹಸುಗಳ ವಧೆಯಿದೆ. ಅಹಿಂಸೆಯ ವ್ರತವಿರುವವರು ಅಂಥ ಅರಿವನ್ನು ಬಳಸಬಹುದೇ ಎಂಬುದಕ್ಕೆ ಶಾಸ್ತ್ರಗಳಲ್ಲಿ ಸಿದ್ಧ ಉತ್ತರವಿಲ್ಲ, ಏಕೆಂದರೆ ಶಾಸ್ತ್ರಗಳು ಕೊಂದ ಪ್ರಾಣಿಯ ಮಾಂಸದ ಬಗ್ಗೆ ವಿಚಾರಿಸಿದವು, ಕೊಂದ ಪ್ರಾಣಿಯಿಂದ ಬಂದ ತಿಳಿವಳಿಕೆಯ ಬಗ್ಗೆ ಅಲ್ಲ.

ಪ್ರೋಟೀನುಗಳು ಉತ್ತರಿಸಲಾರದ ಪ್ರಶ್ನೆ ಜೀವದ ಪ್ರವೇಶದ್ದು. ತಂದೆಯ ಬೀಜ ಮತ್ತು ತಾಯಿಯ ಶೋಣಿತಗಳು ಕೂಡುವಾಗಲೇ ಜೀವ ಇಳಿದುಬರುತ್ತದೆ ಎನ್ನುತ್ತದೆ ಚರಕ ಸಂಹಿತೆ. ಗರ್ಭೋಪನಿಷತ್ತು ಮೊದಲ ರಾತ್ರಿಯ ಕಲಲದಿಂದ ತಿಂಗಳುವಾರು ಬೆಳವಣಿಗೆಯನ್ನು ಹೇಳಿ, ಏಳನೆಯ ತಿಂಗಳಲ್ಲಿ ಜೀವ ಕೂಡುತ್ತದೆ ಎನ್ನುತ್ತದೆ. ಜೈನರಲ್ಲಿ ಜೀವ ಗರ್ಭಕ್ಕೆ ಬಂದ ಕ್ಷಣದಲ್ಲೇ ತಾಯಿತಂದೆಯರ ದ್ರವ್ಯವನ್ನು ಮೊದಲ ಆಹಾರವಾಗಿ ತೆಗೆದುಕೊಳ್ಳುತ್ತದೆ. ಇಂಟರ್‌ಫೆರಾನ್ ಟೌ ಸುರಿಯುವ ದಿನವನ್ನು ಜೀವ ಬಂದ ದಿನವೆಂದು ಹೆಸರಿಸುವ ಆಸೆ ಹುಟ್ಟಬಹುದು. ಆದರೆ ಆ ದಿನ ಆಗುವುದು ಭ್ರೂಣವನ್ನು ತಾಯಿಯ ದೇಹ ಗುರುತಿಸುವುದು ಮಾತ್ರ. ಫಲಿತವಾದ ಅಂಡಗಳಲ್ಲಿ ಗಣನೀಯ ಪಾಲು ಆ ಗುರುತು ಸಿಗುವ ಮೊದಲೇ, ಎರಡು ಮೂರು ವಾರದೊಳಗೆ, ಕರಗಿಹೋಗುತ್ತದೆ. ಕೊಟ್ಟಿಗೆಯಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಬಿದ್ದರೆ ಹಸು ಕಂದು ಹಾಕಿತು ಎಂದು ಮರುಗುತ್ತಾರೆ. ಹದಿನಾಲ್ಕನೆಯ ದಿನ ಕರಗಿದರೆ ಇಂಜೆಕ್ಷನ್ ಹಿಡಿಯಲಿಲ್ಲ ಎನ್ನುತ್ತಾರೆ, ಮತ್ತೊಮ್ಮೆ ಕೊಡಿಸುತ್ತಾರೆ. ಗರ್ಭೋಪನಿಷತ್ತಿನ ಲೆಕ್ಕಕ್ಕೆ ಇದರಲ್ಲಿ ತೊಡಕಿಲ್ಲ. ಚರಕನ ಪಕ್ಷಕ್ಕೂ ಜೈನರ ಪಕ್ಷಕ್ಕೂ ತೊಡಕಿದೆ: ಬೆದೆ ಮರಳಿದ ಎಷ್ಟೋ ಹಸುಗಳ ಹಿಂದೆ ಹುಟ್ಟೂ ಸಾವೂ ಎರಡೂ ಆಗಿಹೋಗಿವೆ ಎಂದು ಅವರು ಒಪ್ಪಬೇಕಾಗುತ್ತದೆ. ಜೈನರು ಅದನ್ನು ಹಿಂಜರಿಯದೆ ಒಪ್ಪುವರು. ಕ್ಷಣದಲ್ಲಿ ಹುಟ್ಟಿ ಕ್ಷಣದಲ್ಲಿ ಸಾಯುವ ಅಸಂಖ್ಯಾತ ಜೀವಗಳ ಲೆಕ್ಕ ಅವರ ಶಾಸ್ತ್ರದಲ್ಲಿ ಮೊದಲಿನಿಂದಲೂ ಇದೆ.